ಅಕ್ಷರ ತೊಟ್ಟ ಅಂಗಿ

ಕವಚ ಎಂದರೆ ನಮ್ಮಲ್ಲಿ ಎರಡರ್ಥ. ಯೋಧನು ಮೈಗೆ ತೊಡುವ ಲೋಹದ ಹೊದಿಕೆಯೂ ಕವಚವೇ, ಅಜ್ಜಿ ಸಂಜೆ ದೀಪದೆದುರು ಕುಳಿತು ಹೇಳುವ ದೇವೀಸ್ತೋತ್ರವೂ ಕವಚವೇ. ಈ ಎರಡರ್ಥಗಳೂ ಒಂದೇ ಬಟ್ಟೆಯಲ್ಲಿ ಕೂಡಿದ್ದನ್ನು ನೋಡಬೇಕಾದರೆ ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಆಟೋಮನ್ ತುರ್ಕರ ಸುಲ್ತಾನರಿಗೂ ರಾಜಕುಮಾರರಿಗೂ ಸಿದ್ಧಪಡಿಸಿದ, ಮೈತುಂಬ ಬರಹವಿರುವ ಅಂಗಿಗಳ ದೊಡ್ಡ ಸಂಗ್ರಹವೇ ಅಲ್ಲಿದೆ.

ಬಟ್ಟೆಗೆ ಗಂಜಿ ಹಾಕಿ, ಕಾಗದದಂತೆ ಉಜ್ಜಿ ನುಣುಪುಗೊಳಿಸಿ, ಶಾಯಿ, ಬಣ್ಣ, ಚಿನ್ನಗಳಿಂದ ಅದರ ಮೇಲೆ ಬರೆಯುತ್ತಿದ್ದರು. ಬರೆಯುತ್ತಿದ್ದುದು ಕುರಾನಿನ ವಾಕ್ಯಗಳು, ಅಲ್ಲಾಹನ ತೊಂಬತ್ತೊಂಬತ್ತು ನಾಮಗಳು, ಪ್ರಾರ್ಥನೆಗಳು. ರಣರಂಗಕ್ಕೆ ಹೊರಟವನಿಗೆ ‘ವಿಜಯ’ವೆಂಬ 48ನೆಯ ಅಧ್ಯಾಯ ವಿಶೇಷ ಪ್ರಿಯ. ನಡುನಡುವೆ ಚೌಕದ ಮನೆಗಳಲ್ಲಿ ಅಂಕಿಗಳು. ಅಡ್ಡ ಕೂಡಿದರೂ ಉದ್ದ ಕೂಡಿದರೂ ಒಂದೇ ಮೊತ್ತ. ಅರಬ್ಬಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆಯುಂಟಾದ್ದರಿಂದ ದೇವರ ಹೆಸರನ್ನೇ ಲೆಕ್ಕದೊಳಗೆ ಅಡಗಿಸಬಹುದಿತ್ತು.

ಅಂಗಿಗೇ ಏಕೆ ಈ ಮಹಿಮೆ? ಕುರಾನಿನ ಯೂಸುಫನ ಕಥೆ ನೆನಪಾಗುತ್ತದೆ. ಮಗನಿಗಾಗಿ ಅತ್ತು ಅತ್ತು ಕಣ್ಣು ಕಳೆದುಕೊಂಡ ಯಾಕೂಬನ ಮುಖದ ಮೇಲೆ ಆ ಮಗನ ಅಂಗಿಯನ್ನು ಹಾಕಿದೊಡನೆ ದೃಷ್ಟಿ ಮರಳಿತಂತೆ.

ನಮ್ಮ ದೇಶದ ಅಂಗಿಗಳೂ ಉಳಿದಿವೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ, 15ನೆಯ ಅಥವಾ 16ನೆಯ ಶತಮಾನದ ಆದಿಭಾಗದ ಒಂದರ ಮೇಲೆ ಇಡೀ ಕುರಾನೇ ಇದೆ. ಅಂಚಿನಲ್ಲಿ ಕಿತ್ತಳೆ ಬಣ್ಣದ ಮೇಲೆ ಚಿನ್ನದ ನಾಮಾವಳಿ. ಅದು ಉತ್ತರ ಹಿಂದೂಸ್ಥಾನದ್ದೋ ದಖ್ಖನ್ನಿನದೋ ಎಂಬುದು ವಿದ್ವಾಂಸರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇವನ್ನು ನಿಜವಾಗಿ ತೊಡುತ್ತಿದ್ದರೆ? ಸುಲ್ತಾನ ಸುಲೈಮಾನನ ಪತ್ನಿ ಹುರ್ರೆಮ್, ದಂಡಯಾತ್ರೆಯಲ್ಲಿದ್ದ ಗಂಡನಿಗೆ ಇಂಥದೊಂದು ಅಂಗಿಯನ್ನು ಕಳುಹಿಸಿ, ತಪ್ಪದೆ ತೊಡಬೇಕೆಂದು ಪತ್ರ ಬರೆದಿದ್ದಳು. ಆದರೆ ಉಳಿದಿರುವ ಅನೇಕ ಅಂಗಿಗಳ ಮೇಲೆ ಬೆವರಿನ ಕಲೆಯೇ ಇಲ್ಲ. ಇಷ್ಟು ಅಕ್ಷರ ಹೊತ್ತ ಬಟ್ಟೆಯನ್ನು ಮೈಗೆ ಹಾಕಲು ಕೈ ಬರಲಿಲ್ಲವೋ ಏನೋ!

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ರಾಜಕುಮಾರ ಜೆಮ್‌ನ ಅಂಗಿ. ಇವನು ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೆಯ ಮೆಹಮದನ ಕಿರಿಯ ಮಗ. 1477ರ ಮಾರ್ಚ್ 30ರಂದು, ಸೂರ್ಯನು ಮೇಷದ 19ನೆಯ ಅಂಶದಲ್ಲಿದ್ದ ಮುಹೂರ್ತ ನೋಡಿ ಬರೆಯಲು ತೊಡಗಿದರು. ಮುಗಿದದ್ದು 1480ರ ಮಾರ್ಚ್ 29ಕ್ಕೆ. ಒಂದು ಅಂಗಿಗೆ ಮೂರು ವರ್ಷ! ಈ ವಿವರವೆಲ್ಲ ಅಂಗಿಯ ಮೇಲೆಯೇ ಇದೆ. ಮರುವರ್ಷವೇ ತಂದೆ ತೀರಿಕೊಂಡ. ಸಿಂಹಾಸನಕ್ಕಾಗಿ ಅಣ್ಣ ಬಾಯಜೀದನೊಡನೆ ನಡೆದ ಯುದ್ಧದಲ್ಲಿ ಜೆಮ್ ಸೋತ. ಈಜಿಪ್ಟಿಗೆ ಓಡಿ, ಮರಳಿ ಬಂದು, ಇನ್ನೊಮ್ಮೆ ಸೋತು, 1482ರಲ್ಲಿ ರೋಡ್ಸ್ ದ್ವೀಪದ ಕ್ರೈಸ್ತ ವೀರರ ಆಶ್ರಯ ಬೇಡಿದ. ಆಶ್ರಯವೆಂದರೆ ಸೆರೆಯೇ. ಅವನನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಅಣ್ಣನೇ ವರ್ಷವರ್ಷ ಹಣ ಕಳುಹಿಸುತ್ತಿದ್ದ. ಫ್ರಾನ್ಸ್, ರೋಮ್ ಎಂದು ಕೈಯಿಂದ ಕೈಗೆ ದಾಟಿ, 1495ರಲ್ಲಿ ನೇಪಲ್ಸಿನಲ್ಲಿ ಅವನು ಸತ್ತಾಗ ವಯಸ್ಸು 35. ದೇಹ ಊರು ಸೇರಿ ಬುರ್ಸಾದಲ್ಲಿ ಮಣ್ಣಾಗುವುದಕ್ಕೆ ಮತ್ತೆ ನಾಲ್ಕು ವರ್ಷ ಹಿಡಿಯಿತು. ಅಂಗಿ ಮಾತ್ರ ಇಂದಿಗೂ ತೋಪ್‌ಕಾಪಿಯಲ್ಲಿದೆ.