ಗದ್ದೆಯ ತೆನೆ, ಇಗರ್ಜಿಯ ಗಂಟೆ: ಕರಾವಳಿ ಕ್ರೈಸ್ತರ ವರ್ಷ ಸಾಗುವ ಬಗೆ

ಸೆಪ್ಟೆಂಬರ್ 8 ಬಂತೆಂದರೆ ದಕ್ಷಿಣ ಕನ್ನಡ, ಉಡುಪಿಯ ಕಥೊಲಿಕ್ ಮನೆಗಳಲ್ಲಿ ಮೀನು, ಮಾಂಸ ಬೇಯುವುದಿಲ್ಲ. ಅಂದು ಬಾಳೆಲೆ ಊಟ. ತರಕಾರಿ ಪದಾರ್ಥ ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯಲ್ಲೇ ಇರಬೇಕು. ಊಟಕ್ಕೆ ಮೊದಲು ಚರ್ಚಿನಿಂದ ತಂದ ಹೊಸ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ.

ಚರ್ಚಿನ ಲೆಕ್ಕದಲ್ಲಿ ಅದು ಮಾತೆ ಮರಿಯಮ್ಮನವರ ಜನ್ಮದಿನ. ಊರಿನವರ ಬಾಯಲ್ಲಿ ಮೊಂತಿ ಹಬ್ಬ, ಇಲ್ಲವೇ ತೆನೆ ಹಬ್ಬ. ಹೊಸ ಅಕ್ಕಿಯ ಈ ಊಟಕ್ಕೆ ಕೊಂಕಣಿಯಲ್ಲಿ ನೊವೆಂ ಎನ್ನುತ್ತಾರೆ. ಪಕ್ಕದ ಮನೆಯ ತುಳುವರಿಗೆ ಅದೇ ಪುದ್ವಾರ್, ಘಟ್ಟ ಹತ್ತಿದರೆ ಕೊಡವರಿಗೆ ಪುತ್ತರಿ.

ರೋಮಿನಿಂದ ಬಂದ ಹಬ್ಬಕ್ಕೂ ನಮ್ಮೂರ ಭತ್ತದ ಗದ್ದೆಗೂ ಗಂಟು ಬಿದ್ದದ್ದು ಹೇಗೆ? ಅದನ್ನು ತಿಳಿಯಲು ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕು.

ಗೋವಾದಿಂದ ಬಂದ ರೈತರು

ಮಂಗಳೂರಿನ ಕಥೊಲಿಕರಲ್ಲಿ ಬಹುಪಾಲು ಕುಟುಂಬಗಳ ಮೂಲ ಗೋವಾ. 16ರಿಂದ 18ನೇ ಶತಮಾನದವರೆಗೆ ಅವರು ಒಂದೇ ಸಲವಲ್ಲ, ಅಲೆ ಅಲೆಯಾಗಿ ಕೆಳಗಿಳಿದು ಬಂದರು. ಕಾರಣ ಹಲವು: ಬರಗಾಲ, ಯುದ್ಧ, ಮರಾಠರ ದಾಳಿ. ಜೊತೆಗೆ 1560ರಲ್ಲಿ ಗೋವಾದಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಧರ್ಮ ವಿಚಾರಣೆಯ ನ್ಯಾಯಾಲಯ. ಹೊಸದಾಗಿ ಕ್ರೈಸ್ತರಾದವರು ಮನೆಯೊಳಗೆ ಹಳೆಯ ಪದ್ಧತಿ ಉಳಿಸಿಕೊಂಡರೂ ಅದು ಅಪರಾಧವಾಗುತ್ತಿತ್ತು. 1736ರ ಒಂದು ಆಜ್ಞೆಯಂತೂ ಮದುವೆ, ಊಟೋಪಚಾರ, ಉಡುಪಿನ ಹತ್ತಾರು ಆಚರಣೆಗಳನ್ನು ನಿಷೇಧಿಸಿತು.

ಇಲ್ಲಿ ಕೆಳದಿ ನಾಯಕರ ಆಳ್ವಿಕೆ. ಅವರಿಗೆ ಬೇಸಾಯ ಬಲ್ಲ ಕೈಗಳು ಬೇಕಿದ್ದವು. ಬಂದವರಿಗೆ ಭೂಮಿ ಸಿಕ್ಕಿತು. ಬಂದವರು ತಂದದ್ದು ಎರಡು: ಯೇಸುವಿನ ಮೇಲಿನ ನಂಬಿಕೆ, ಮತ್ತು ಅಜ್ಜ-ಅಜ್ಜಿಯರ ಕಾಲದ ಮನೆ ಪದ್ಧತಿ. ಮದುವೆಯ ಮುಂಚಿನ ದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಇವತ್ತಿಗೂ ಉಳಿದಿದೆ. ಹೊಸ ಅಕ್ಕಿಯನ್ನು ದೇವರಿಗೆ ತೋರಿಸದೆ ಉಣ್ಣಬಾರದೆಂಬುದೂ ಈ ನೆಲದ ಹಳೆಯ ನಡೆ.

ಮೊಂತಿ ಎಂಬ ಹೆಸರನ್ನು ಬಂಟ್ವಾಳ ತಾಲೂಕಿನ ಫರಂಗಿಪೇಟೆಗೆ ಜೋಡಿಸುತ್ತಾರೆ. ಅಲ್ಲಿ ನೇತ್ರಾವತಿ ದಂಡೆಯ ಮೇಲೆ ಮೊಂತೆ ಮರಿಯಾನೊ ಇದೆ. ಪೋರ್ಚುಗೀಸಿನಲ್ಲಿ ಮೊಂತೆ ಎಂದರೆ ಗುಡ್ಡ. ಮೊಂತೆ ಮರಿಯಾನೊ ಎಂದರೆ ಮರಿಯಮ್ಮನ ಗುಡ್ಡ. 18ನೇ ಶತಮಾನದಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದ ಅಲ್ಲಿದ್ದರು. ಕರಾವಳಿಯ ತೆನೆ ಹಬ್ಬ ಈ ರೂಪದಲ್ಲಿ ಅವರಿಂದ ಬೆಳೆಯಿತು ಎಂಬುದು ಸಮುದಾಯದಲ್ಲಿ ನಡೆದುಬಂದ ಮಾತು. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಮಳೆಗಾಲದಲ್ಲಿ ಬೇಲಿ, ಗುಡ್ಡದಲ್ಲಿ ಅರಳುವ ಹೂಗಳಿಗೆಲ್ಲ ಆಗ ಬೆಲೆ.

1784ರ ಬೂದಿ ಬುಧವಾರ

ಚರ್ಚಿನ ವರ್ಷದಲ್ಲಿ ಅತಿ ಗಂಭೀರವಾದ ಕಾಲ ತಪಸ್ಸು ಕಾಲ. ಅದು ಬೂದಿ ಬುಧವಾರ ಶುರುವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮಂತ್ರಿಸಿ ಕೊಟ್ಟ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಮಣ್ಣಿನಿಂದ ಬಂದವನು ಮಣ್ಣಿಗೇ ಮರಳುತ್ತಾನೆ ಎಂಬುದರ ನೆನಪು ಅದು.

ಎರಡನೇ ಮೈಸೂರು ಯುದ್ಧ ಮುಗಿಯುತ್ತಿದ್ದ 1784ರ ಫೆಬ್ರವರಿಯಲ್ಲಿ, ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರು ಎಂಬ ಆಪಾದನೆಯ ಮೇಲೆ ಟಿಪ್ಪು ಸುಲ್ತಾನ್ ಅವರೆಲ್ಲರನ್ನೂ ಸೆರೆ ಹಿಡಿಯಲು ಆಜ್ಞೆ ಮಾಡಿದ. ಸಮುದಾಯ ಆ ದಿನವನ್ನು ಬೂದಿ ಬುಧವಾರವೆಂದೇ ನೆನಪಿಟ್ಟುಕೊಂಡಿದೆ. ಸಾವಿರಾರು ಕುಟುಂಬಗಳನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಅಂಕಿಗಳಿವೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಪಾದ್ರಿಗಳನ್ನು ರಾಜ್ಯದಿಂದ ಹೊರಗೆ ಹಾಕಲಾಯಿತು. 27 ಚರ್ಚ್‌ಗಳು ನೆಲಸಮವಾದವು ಎನ್ನುತ್ತಾರೆ. ಮೂಡುಬಿದಿರೆ ಬಳಿಯ ಹೊಸ್ಪೆಟ್ ಚರ್ಚ್ ಉಳಿಯಿತು, ಅದನ್ನು ಕಾಪಾಡಿದವನು ಅಲ್ಲಿನ ಜೈನ ಚೌಟ ಅರಸ ಎಂಬ ನೆನಪು ಉಳಿದಿದೆ.

ನಲವತ್ತು ದಿನದ ತಪಸ್ಸು ಆ ಜನರಿಗೆ ಹದಿನೈದು ವರ್ಷವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದರು. ಗದ್ದೆ ಬೇರೆಯವರ ಕೈಯಲ್ಲಿತ್ತು. ಇಗರ್ಜಿ ಇದ್ದಲ್ಲಿ ಪೊದೆ ಬೆಳೆದಿತ್ತು. ಒಂದು ತಲೆಮಾರಿನ ಮಕ್ಕಳು ಗಂಟೆಯ ಸದ್ದೇ ಕೇಳದೆ ಬೆಳೆದಿದ್ದರು.

ಆದರೂ ಸಮುದಾಯ ಮತ್ತೆ ಎದ್ದು ನಿಂತಿತು. ಪಾದ್ರಿಗಳು ಗೋವಾದಿಂದ ಬಂದರು, ಚರ್ಚ್‌ಗಳು ಒಂದೊಂದಾಗಿ ಎದ್ದವು, ಅದು ನಿಜ. ಆದರೆ ಕಟ್ಟಡ ಎದ್ದರೆ ಸಾಲದು, ಅದರೊಳಗೆ ಬರುವ ಜನಕ್ಕೆ ಯಾವ ದಿನ ಏನು ಮಾಡಬೇಕೆಂದು ಗೊತ್ತಿರಬೇಕು. ನನ್ನ ಮಟ್ಟಿಗೆ ಈ ಇತಿಹಾಸದ ಮುಖ್ಯ ಮಾತು ಇದೇ: ಅವರ ನಂಬಿಕೆ ಇಗರ್ಜಿಯಲ್ಲಿ ಮಾತ್ರ ಇರಲಿಲ್ಲ. ಅಡುಗೆಮನೆಯಲ್ಲಿ, ಗದ್ದೆಯಲ್ಲಿ, ಸಂಜೆಯ ದೀಪದ ಮುಂದೆಯೂ ಇತ್ತು. ಇಗರ್ಜಿಯನ್ನು ಕೆಡವಬಹುದು, ಅಜ್ಜಿಯ ಬಾಯಿಪಾಠದ ಜಪಮಾಲೆಯನ್ನು ಕೆಡವಲಾಗದು.

ಮನೆಯೊಳಗಿನ ವರ್ಷ

ಆ ಮನೆಯ ವರ್ಷ ಹೇಗೆ ಸಾಗುತ್ತದೆ ನೋಡಿ. ಚರ್ಚಿನ ಹೊಸ ವರ್ಷ ಜನವರಿಯಲ್ಲಿ ಅಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದಿಂದ ಶುರು. ಪಾದ್ರಿಯ ಉಡುಪು ನೇರಳೆ. ಆಗ ಮನೆಗಳಲ್ಲಿ ಕುಸ್ವಾರ್‌ನ ತಯಾರಿ: ಕಿಡಿಯೊ, ನೆವ್ರಿ, ತುಕ್ಡಿ, ಚಕ್ಕುಲಿ. ಕ್ರಿಸ್ಮಸ್‌ಗೆ ಅದನ್ನೇ ತಟ್ಟೆಯಲ್ಲಿಟ್ಟು ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೂ ಕೊಟ್ಟು ಬರುತ್ತಾರೆ. ಹಬ್ಬಕ್ಕೆ ಬಿಳಿ ಉಡುಪು.

ಕ್ರಿಸ್ಮಸ್ ಮುಗಿದರೆ ಮದುವೆಗಳ ಸಾಲು. ತಪಸ್ಸು ಕಾಲ ಬಂದರೆ ಮದುವೆ ನಿಲ್ಲುತ್ತದೆ. ಬೂದಿ ಬುಧವಾರ ಮತ್ತು ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಶುಭ ಶುಕ್ರವಾರ ಇಡೀ ವರ್ಷದಲ್ಲಿ ಬಲಿಪೂಜೆ ನಡೆಯದ ದಿನ. ಉಪವಾಸ, ಶಿಲುಬೆ ಹಾದಿ, ಮೌನ. ಆಮೇಲೆ ಪಾಸ್ಕ ಹಬ್ಬ. ಅದರ ದಿನ ಪ್ರತಿ ವರ್ಷ ಬದಲಾಗುವುದೇಕೆ ಎಂದು ಹಲವರು ಕೇಳುತ್ತಾರೆ. ಪಂಚಾಂಗ ಬಲ್ಲವರಿಗೆ ಇದು ಸುಲಭ: ಮಾರ್ಚ್ 21ರಂದು ಅಥವಾ ನಂತರ ಬರುವ ಮೊದಲ ಹುಣ್ಣಿಮೆ, ಅದು ಕಳೆದ ಮೊದಲ ಭಾನುವಾರ. ನಮ್ಮ ಯುಗಾದಿಯಂತೆ ಇದಕ್ಕೂ ಚಂದ್ರನೇ ಲೆಕ್ಕ.

ಪಾಸ್ಕದ ಐವತ್ತು ದಿನ ಕಳೆದ ಮೇಲೆ ಸಾಧಾರಣ ಕಾಲ, ಹಸಿರು ಉಡುಪು. ನಮ್ಮಲ್ಲಿ ಅದು ಸರಿಯಾಗಿ ಮುಂಗಾರಿನ ಹೊತ್ತು, ನೇಜಿ ನೆಡುವ ಕಾಲ. ಆ ಹಸಿರಿನ ನಡುವೆ ಮೊಂತಿ ಬರುತ್ತದೆ. ನವೆಂಬರ್ 2ರಂದು ಸತ್ತವರ ಸ್ಮರಣೆ; ಸಮಾಧಿ ಗುಡಿಸಿ, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಮತ್ತೆ ಆಗಮನ ಕಾಲ.

ಇದು ವರ್ಷದ ಸುತ್ತು. ದಿನಕ್ಕೂ ಒಂದು ಸುತ್ತಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ. ಸಂಜೆಯ ಗಂಟೆಗೆ ಆಟದಲ್ಲಿದ್ದ ಮಕ್ಕಳೂ ಮನೆ ಸೇರಬೇಕು. ಕೈಕಾಲು ತೊಳೆದು ಅಲ್ತಾರಿನ ಮುಂದೆ ಜಪಮಾಲೆ. ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ ಕೇಳುತ್ತಾರೆ. ಆಮೇಲೆಯೇ ಊಟ. ಇದನ್ನು ನಡೆಸಲು ಪಾದ್ರಿ ಬೇಕಿಲ್ಲ, ಅಜ್ಜ ಅಜ್ಜಿ ಇದ್ದರೆ ಸಾಕು. ವಾರ್ಡಿನಲ್ಲಿ ಹತ್ತಾರು ಮನೆಗಳ ಕಷ್ಟಸುಖ ನೋಡುವ ಗುರಿಕಾರನೂ ಪಾದ್ರಿಯಲ್ಲ, ಊರಿನವನೇ.

ಈಗ ತೆನೆ ಎಲ್ಲಿಂದ?

1784 ಒಂದೇ ಏಟಿಗೆ ಎಲ್ಲವನ್ನೂ ಕಿತ್ತಿತ್ತು. ಈಗ ಯಾರೂ ಕೀಳುತ್ತಿಲ್ಲ, ತಾನಾಗಿ ಸಡಿಲವಾಗುತ್ತಿದೆ. ಕರಾವಳಿಯ ಎಷ್ಟೋ ಬೈಲು ಗದ್ದೆಗಳು ಅಡಿಕೆ ತೋಟ, ರಬ್ಬರ್, ಮನೆ ನಿವೇಶನಗಳಾಗಿವೆ. ಹಬ್ಬಕ್ಕೆ ಬೇಕಾದ ತೆನೆಯನ್ನು ಚರ್ಚಿನವರು ಬೇರೆ ಊರಿನ ಗದ್ದೆಯಿಂದ ತರಿಸುವುದುಂಟು. ಮಕ್ಕಳು ಮುಂಬೈ, ಕೊಲ್ಲಿ ದೇಶ, ಕೆನಡಾದಲ್ಲಿ. ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು. ಜಪಮಾಲೆಗೆ ದನಿಗೂಡಿಸಲು ಜನವಿಲ್ಲ, ಬೆಸಾಂವ್ ಕೇಳಲು ಮಕ್ಕಳಿಲ್ಲ.

ಕೆಲವರು ಸುಮ್ಮನೆ ಕುಳಿತಿಲ್ಲ. ಕೆಲವು ಚರ್ಚ್‌ಗಳ ಯುವಕ ಯುವತಿಯರು ಪಾಳು ಬಿದ್ದ ಗದ್ದೆಗೆ ಇಳಿದು ಭತ್ತ ಬೆಳೆದಿದ್ದಾರೆ. ಹಬ್ಬದ ನಾಲ್ಕು ಕಾಳು ಒಣಗಿಸಿ ಲಕೋಟೆಯಲ್ಲಿ ಹಾಕಿ ದೂರದ ಮಕ್ಕಳಿಗೆ ಕಳಿಸುವ ತಾಯಂದಿರಿದ್ದಾರೆ. ಅಲ್ಲಿ ಅದನ್ನು ಪಾಯಸಕ್ಕೆ ಬೆರೆಸಿ ಉಣ್ಣುವವರಿದ್ದಾರೆ.

ಇದು ಕ್ರೈಸ್ತರೊಬ್ಬರ ಚಿಂತೆಯಲ್ಲ. ಪುದ್ವಾರ್ ಊಟಕ್ಕೆ ಅಂಗಡಿಯ ಅಕ್ಕಿ ತರುವ ಮನೆಗಳೂ ನಮ್ಮ ನಡುವೆಯೇ ಇವೆ. ಗದ್ದೆ ಹೋದರೆ ಎಲ್ಲರ ಹಬ್ಬದಿಂದಲೂ ಒಂದು ತುಂಡು ಹೋಗುತ್ತದೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ, ಅವರ ಕಾಲದ ತೆನೆ ಹಬ್ಬ ಹೇಗಿತ್ತೆಂದು ಈ ವಾರವೇ ಕೇಳಿ. ಫೋನ್ ಕೈಯಲ್ಲೇ ಇದೆ, ಅವರ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹದಿನೈದು ವರ್ಷದ ಸೆರೆಯನ್ನು ದಾಟಿ ಬಂದದ್ದು ನಮ್ಮ ಕಾಲದಲ್ಲಿ, ಕೇಳುವವರಿಲ್ಲದೆ ಕಳೆದುಹೋಗಬಾರದು.