ಎಫ್.ಸಿ. ರಸ್ತೆಯಿಂದ ಧಾರವಾಡಕ್ಕೆ

ಪುಣೆಯಲ್ಲಿರುವ ನಮಗೆ ಎಫ್.ಸಿ. ರಸ್ತೆ ಅಂದರೆ ತಿಂಡಿ, ಅಂಗಡಿ, ಸಂಜೆಯ ಗದ್ದಲ. ಆ ರಸ್ತೆಗೆ ಹೆಸರು ಕೊಟ್ಟ ಫರ್ಗ್ಯುಸನ್ ಕಾಲೇಜಿಗೆ ಕನ್ನಡದ ಇತಿಹಾಸದಲ್ಲೂ ಒಂದು ಜಾಗವಿದೆ.

ಮುಂಬೈ ವಿಶ್ವವಿದ್ಯಾಲಯ ಶುರುವಾದದ್ದು 1857ರಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದೇ ಮುಂಬೈ ಪ್ರಾಂತದಲ್ಲಿದ್ದವು. ಆದರೆ ಮುಂದಿನ 60 ವರ್ಷ ಅಲ್ಲೆಲ್ಲೂ ಬಿ.ಎ. ತನಕ ಓದಿಸುವ ಕಾಲೇಜು ಇರಲಿಲ್ಲ. ಮ್ಯಾಟ್ರಿಕ್ ಆದ ಹುಡುಗ ಮುಂದೆ ಓದಬೇಕೆಂದರೆ ಊರು ಬಿಡಬೇಕಿತ್ತು. ಪುಣೆಯಲ್ಲಿ ಸರ್ಕಾರದ ಡೆಕ್ಕನ್ ಕಾಲೇಜಿತ್ತು. 1885ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ಫರ್ಗ್ಯುಸನ್ ತೆರೆಯಿತು. ಆಲೂರ ವೆಂಕಟರಾಯರು ಓದಿದ್ದು ಅಲ್ಲಿ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲೇ. ಇಬ್ಬರೂ ಧಾರವಾಡಕ್ಕೆ ಮರಳಿ ಕನ್ನಡದ ಕೆಲಸಕ್ಕೆ ನಿಂತರು.

ಹಾಗೆ ಬರಲು ಮನೆಯಲ್ಲಿ ಅನುಕೂಲವಿರಬೇಕಿತ್ತು. ಇಲ್ಲದವರ ಓದು ಮ್ಯಾಟ್ರಿಕ್‌ಗೇ ನಿಲ್ಲುತ್ತಿತ್ತು. ಅದಕ್ಕೇ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂತಾದವರು ಹಣ ಕೂಡಿಸಲು ಓಡಾಡಿದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಆಲೂರರ ‘ಕರ್ನಾಟಕ ಗತವೈಭವ’ ಬಂದದ್ದೂ ಅದೇ ವರ್ಷ. ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಟ್ಟಡ ಈ ಕಾಲೇಜಿನದಾಯಿತು.

ಆಮೇಲೆ ದಾರಿ ತಿರುಗಿತು. ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು ಪುಣೆಗೆ ಬಂದು ಇದೇ ಫರ್ಗ್ಯುಸನ್ನಿನಲ್ಲಿ ಇಂಗ್ಲಿಷ್ ಕಲಿಸಿದರು.

1949ರಲ್ಲಿ ಪುಣೆಗೂ ಕರ್ನಾಟಕ ಭಾಗಕ್ಕೂ ಬೇರೆ ಬೇರೆ ವಿಶ್ವವಿದ್ಯಾಲಯಗಳು ಬಂದವು. ಫರ್ಗ್ಯುಸನ್ ಸೊಸೈಟಿಯ ಕೈಯಲ್ಲೇ ಉಳಿಯಿತು. ಧಾರವಾಡದಲ್ಲಿ ಮಾತ್ರ ಕರ್ನಾಟಕ ಕಾಲೇಜು ವಿಶ್ವವಿದ್ಯಾಲಯದ ಸ್ವಂತ ಕಾಲೇಜಾಯಿತು. ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಅಲ್ಲಿಂದ ಪದವಿ ಪಡೆದ ಹುಡುಗ ಗಿರೀಶ ಕಾರ್ನಾಡ. ಮುಂದೆ ‘ತುಘಲಕ್’ ಬರೆದದ್ದು ಆ ಗಣಿತದ ವಿದ್ಯಾರ್ಥಿಯೇ. ಕಲೆ, ವಿಜ್ಞಾನ ಎರಡೂ ಇದ್ದ ಕಾಲೇಜಿನ ಫಲ ಅದು. ನಂತರ ಅದೂ ಕಲಾ ಕಾಲೇಜು, ವಿಜ್ಞಾನ ಕಾಲೇಜು ಎಂದು ಎರಡಾಯಿತು.

ಅಂದಿನವರು ಊರಲ್ಲಿ ಕಾಲೇಜಿಲ್ಲದೆ ಪುಣೆಗೆ ಬಂದರು, ಓದು ಮುಗಿಸಿ ಮರಳಿದರು. ನಮ್ಮಲ್ಲಿ ಎಷ್ಟೋ ಮಂದಿ ಊರಲ್ಲೇ ಓದಿ, ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ರೊದ್ದ, ಅರಟಾಳರ ಓಡಾಟದಿಂದ ಓದಿನ ದಾರಿ ಊರಿಗೆ ಬಂತು. ಕೆಲಸದ ದಾರಿ ಇನ್ನೂ ಬರಬೇಕಿದೆ.