ವಿರೂಪಾಪುರಗಡ್ಡೆ: ಹೊಳೆಯ ನಡುವೆ ಕಟ್ಟಿದ್ದು, ಕೆಡವಿದ್ದು

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರಗಡ್ಡೆಯು ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಎದುರಾಗಿ, ತುಂಗಭದ್ರೆಯ ಕವಲುಗಳ ನಡುವೆ ಇರುವ ನಡುಗಡ್ಡೆ. ಹೆಸರಿನಲ್ಲಿರುವ ‘ಗಡ್ಡೆ’ ಹೊಳೆಯ ನಡುವಣ ನೆಲವನ್ನು ಸೂಚಿಸುತ್ತದೆ. ಇಲ್ಲಿ ಭತ್ತ ಬೆಳೆಯುವುದರಿಂದ ಹೊರಗಿನವರು ಅದನ್ನು ‘ಗದ್ದೆ’ ಎಂದು ಭಾವಿಸುವುದುಂಟು.

ಸುತ್ತಲಿನ ಗ್ರಾನೈಟ್ ಬಂಡೆಗಳು ಯಾರೋ ತಂದು ಪೇರಿಸಿದಂತೆ ತೋರುತ್ತವೆ. ವಾಸ್ತವದಲ್ಲಿ ನೆಲದೊಳಗಿನ ಶಿಲೆಯು ಬಿರುಕುಗಳ ಗುಂಟ ಶಿಥಿಲಗೊಂಡು, ಸುತ್ತಲ ಮಣ್ಣು ಕೊಚ್ಚಿಹೋದ ಬಳಿಕ ಉಳಿದ ಭಾಗಗಳಿವು. ವಿಜಯನಗರದ ಶಿಲ್ಪಿಗಳು ಇದೇ ಕಲ್ಲನ್ನು ಸೀಳಿ ಕಂಬ, ತೊಲೆ, ಚಪ್ಪಡಿ ಮಾಡಿದರು, ಬಂಡೆಯನ್ನೇ ಅಡಿಪಾಯವಾಗಿಸಿಕೊಂಡರು. ಆದ್ದರಿಂದಲೇ ಅವರ ಮಂಟಪಗಳು ಗುಡ್ಡದಿಂದ ಬೇರೆಯಾಗಿ ಕಾಣುವುದಿಲ್ಲ. ನಡುಗಡ್ಡೆಯ ಬಳಿ ಇಂದಿಗೂ ನಿಂತಿರುವ, ‘ಬುಕ್ಕನ ಮೇಲ್ಗಾಲುವೆ’ ಎಂದು ಹೆಸರಾದ ನೀರುಸೇತುವೆಯ ಕಲ್ಲುಕಂಬಗಳು ಇದಕ್ಕೆ ಉತ್ತಮ ನಿದರ್ಶನ.

ಆಧುನಿಕ ನಿರ್ಮಾಣಗಳಿಗೆ ಈ ಹೊಂದಾಣಿಕೆ ಒದಗಿ ಬರಲಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು 1999ರಲ್ಲಿ ಯುನೆಸ್ಕೊ ಅಪಾಯದಂಚಿನ ಪಟ್ಟಿಗೆ ಸೇರಿಸಲು ಮುಖ್ಯ ಕಾರಣ ಎರಡು ತೂಗುಸೇತುವೆಗಳು. ಅವುಗಳಲ್ಲಿ ಒಂದು ವಿರೂಪಾಪುರಗಡ್ಡೆಗೆ ಹಾಕಲಾಗಿದ್ದ ಕಾಲುಸೇತುವೆ. ಅದನ್ನು ಕಳಚಲಾಯಿತು, 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂದಿತು. ಆನೆಗೊಂದಿಯ ಇನ್ನೊಂದು ಸೇತುವೆ 2009ರ ಜನವರಿಯಲ್ಲಿ, ನಿರ್ಮಾಣ ಹಂತದಲ್ಲಿರುವಾಗಲೇ ಕುಸಿದು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು.

ಅಷ್ಟರಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿ ಬರುತ್ತಿದ್ದ ವಿದೇಶಿ ಪ್ರವಾಸಿಗರನ್ನು ನೆಚ್ಚಿಕೊಂಡು ಗಡ್ಡೆಯ ಹೊಲಗಳಲ್ಲಿ ಗುಡಿಸಲು, ಹೋಟೆಲು, ರೆಸಾರ್ಟುಗಳು ಎದ್ದಿದ್ದವು. ಹುಲ್ಲಿನ ಚಾವಣಿಯ ಗುಡಿಸಲುಗಳು ನೋಟಕ್ಕೆ ಅಷ್ಟೇನೂ ಭಾರವಾಗಿರಲಿಲ್ಲ ಎನ್ನಬಹುದು. ಅವುಗಳ ಪಕ್ಕದ ಸಿಮೆಂಟಿನ ಕಟ್ಟಡಗಳಿಗೆ ಆ ಮಾತು ಸಲ್ಲದು. ಕಾನೂನು ಮಾತ್ರ ಈ ಭೇದವನ್ನು ಎಣಿಸಲಿಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಹಾಗೂ 1988ರ ಅಧಿಸೂಚನೆಯ ಪ್ರಕಾರ ಇದು ಸಂರಕ್ಷಿತ ಪ್ರದೇಶ. ಕಟ್ಟಡಗಳು ಅಕ್ರಮವೆಂದು 2015ರಲ್ಲಿ ಹೈಕೋರ್ಟ್ ನೀಡಿದ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಜೆಸಿಬಿಗಳು ಬಂದವು. ಹೊಲ ಬಿಟ್ಟು ಪ್ರವಾಸೋದ್ಯಮಕ್ಕೆ ತಿರುಗಿದ್ದ ಕುಟುಂಬಗಳ ಜೀವನೋಪಾಯವೂ ಅದರೊಡನೆ ಹೋಯಿತು.

ಹೊಳೆಯು ತನ್ನ ತೀರ್ಪನ್ನು ಮೊದಲೇ ನೀಡಿತ್ತು ಎನ್ನುವವರೂ ಇದ್ದಾರೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಗಡ್ಡೆಯ ಸಂಪರ್ಕ ಕಡಿದುಹೋಗುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಇಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ರಕ್ಷಣಾ ಪಡೆಗಳು ಹೊರತರಬೇಕಾಯಿತು.

ತೆರವಿನ ಅನಂತರ ವಸತಿಗೃಹಗಳು ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿದಿವೆ. ಆ ಊರುಗಳೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೇ ಸೇರಿವೆ.